ಫಾಸ್ಟ್ ಅಂದ್ರೆ ಎಷ್ಟು ಫಾಸ್ಟ್?

ಸೆಪ್ಟೆಂಬರಿನಲ್ಲಿ ಪಕ್ಕದ ಮನೆ ಹುಡುಗ ಮೂವರು ಗೆಳೆಯರನ್ನು ಕಟ್ಟಿಕೊಂಡು ಬಂದ. ಇಂಜಿನಿಯರಿಂಗ್ ಕೊನೆಯ ವರ್ಷ, ಕಂಪ್ಯೂಟರ್ ಸೈನ್ಸ್. ಕೈಯಲ್ಲಿ ಪ್ರಾಜೆಕ್ಟಿನ ನಾಲ್ಕು ಪುಟದ ಸಿನಾಪ್ಸಿಸ್, ಅಂದರೆ ಸಾರಾಂಶ. "ಅಡಿಕೆ ಕೊಳೆ ರೋಗವನ್ನು ಎಐ ಮೂಲಕ ಪತ್ತೆ ಹಚ್ಚುವ, ಬ್ಲಾಕ್‌ಚೈನ್ ಆಧಾರಿತ ಸ್ಮಾರ್ಟ್ ಕೃಷಿ ವ್ಯವಸ್ಥೆ." ಹೆಸರು ಓದಿ ಮುಗಿಸುವಷ್ಟರಲ್ಲಿ ಚಾ ಆರಿತ್ತು.

"ಇದನ್ನ ಯಾರು ಬಳಸ್ತಾರೆ?" ಅಂದೆ. "ರೈತರು." "ಯಾವ ರೈತರು?" ನಾಲ್ವರೂ ಮುಖ ಮುಖ ನೋಡಿಕೊಂಡರು. ಶಿರಸಿಯ ಹುಡುಗರು ಮಾರಾಯ್ರೆ! ಒಬ್ಬನ ಮನೆಯ ಅಂಗಳದಲ್ಲೇ ಅಡಿಕೆ ಒಣಗುತ್ತದೆ.

ಮುಂದಿನ ಭಾನುವಾರ ಅವರನ್ನು ಹುಲೇಕಲ್ ಕಡೆ ಇರುವ ನನ್ನ ಅಕ್ಕನ ಮನೆಗೆ ಕರೆದುಕೊಂಡು ಹೋದೆ. ಮಳೆ ಇನ್ನೂ ಬಿಟ್ಟಿರಲಿಲ್ಲ. ಭಾವ ಎಲ್ಲ ಕೇಳಿಸಿಕೊಂಡು ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದ: "ಕೊಳೆ ಬಂದದ್ದು ಎಂಗೆ ಕಣ್ಣಿಗೇ ಕಾಣ್ತು ತಮಾ. ಕೊನೆಗೌಡ ಯಾವತ್ತು ಬತ್ತಾ ಹೇಳಿ ನಿನ್ನ ಫೋನು ಹೇಳ್ತಾ?"

ಒಂದೇ ಮಾತಿಗೆ ನಾಲ್ಕು ಪುಟ ನೆಂದು ಹೋಯ್ತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೊಳೆಗೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮಳೆ ಹಿಡಿಯುವ ಮುಂಚೆ ಒಮ್ಮೆ, ಆಮೇಲೆ 40-45 ದಿನಕ್ಕೆ ಇನ್ನೊಮ್ಮೆ. ಮರ ಹತ್ತಿ ಹೊಡೆಯುವವನೇ ಕೊನೆಗೌಡ. ಅಂಥವರು ಕಡಿಮೆ, ತೋಟ ಜಾಸ್ತಿ. ಎರಡನೇ ಹೊಡೆತದ ಹೊತ್ತಿಗೆ ಕೊನೆಗೌಡ ಇನ್ಯಾರದೋ ತೋಟದಲ್ಲಿ ಇರುತ್ತಾನೆ. ಇಲ್ಲಿ ಮಳೆ ಬಿಡುವುದಿಲ್ಲ, ದಿನ ಮೀರುತ್ತದೆ, ಅಡಿಕೆ ಉದುರುತ್ತದೆ. ಎಐಗೆ ಫೋಟೋ ಬೇಕು ಅಂದರೆ ಅಷ್ಟು ಎತ್ತರದ ಅಡಿಕೆ ಗೊನೆಯ ಫೋಟೋ ತೆಗೆಯುವವರು ಯಾರು? ಅದೇ ಕೊನೆಗೌಡ. ಅವನು ಮೇಲೆ ಹತ್ತಿದ ಮೇಲೆ ಫೋಟೋ ಯಾಕೆ, ಔಷಧಿನೇ ಹೊಡೀತಾನೆ ಅಲ್ವಾ?

ಗುರಿ ಬದಲಾಯಿತು. ಯಾರ ತೋಟಕ್ಕೆ ಯಾವತ್ತು ಹೊಡೆದದ್ದು, ಮುಂದಿನದು ಯಾವತ್ತು, ಎಷ್ಟು ಬ್ಯಾರಲ್ ದ್ರಾವಣ, ಕೂಲಿ ಎಷ್ಟು ಬಾಕಿ. ಇಷ್ಟೇ. ಹುಡುಗರ ಮುಖ ಸಪ್ಪಗಾಯಿತು. "ಸಣ್ಣದಾಯ್ತು ಅಂಕಲ್, ಗೈಡ್ ಮೇಷ್ಟ್ರು ಒಪ್ಪೋದಿಲ್ಲ."

ಸಣ್ಣದಂತೆ! ಬರೆಯಲು ಕೂತರು ನೋಡಿ, ಆಗ ತಿಳಿಯಿತು. ಒಬ್ಬ ಕೂಲಿಯನ್ನು ಬ್ಯಾರಲ್ ಲೆಕ್ಕದಲ್ಲಿ ತಗೊಳ್ತಾನೆ, ಇನ್ನೊಬ್ಬ ದಿನದ ಲೆಕ್ಕದಲ್ಲಿ. ಅರ್ಧ ಹೊಡೆಯುವಾಗ ಮಳೆ ಬಂದರೆ ಆ ದಿನವನ್ನು ಏನಂತ ಬರೆಯುವುದು? 40 ದಿನ ಎಣಿಸುವುದು ಶುರು ಮಾಡಿದ ದಿನದಿಂದಲೋ ಮುಗಿಸಿದ ದಿನದಿಂದಲೋ? ಇದಕ್ಕೆ ಗೂಗಲ್‌ನಲ್ಲಿ ಉತ್ತರ ಇಲ್ಲ. ಭಾವನ ಜಗಲಿಯಲ್ಲಿ ಮಾತ್ರ ಇದೆ.

ನನಗೂ ಬುದ್ಧಿ ಬಂದದ್ದು ಪೆಟ್ಟು ತಿಂದ ಮೇಲೇ. ನನ್ನ ಕೊನೆ ವರ್ಷದ ಪ್ರಾಜೆಕ್ಟು ಹಾಸ್ಟೆಲ್ ಮ್ಯಾನೇಜ್‌ಮೆಂಟು. ರಿಕ್ವೈರ್‌ಮೆಂಟ್ (ಸಾಫ್ಟ್‌ವೇರ್ ಏನು ಮಾಡಬೇಕು ಅನ್ನುವ ಬೇಡಿಕೆ) ಅಂತ ಬರೆದದ್ದು ಏನು? "ಬಳಸಲು ಸುಲಭ, ಸುರಕ್ಷಿತ, ಫಾಸ್ಟ್." ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಹೊರಗಿನಿಂದ ಬಂದ ಪರೀಕ್ಷಕರು ಕೇಳಿದರು, "ಫಾಸ್ಟ್ ಅಂದ್ರೆ ಎಷ್ಟು?" ನಾನು ಫ್ಯಾನ್ ನೋಡಿದೆ. ಅದೂ ಫಾಸ್ಟ್ ಇರಲಿಲ್ಲ.

ತಮಾಷೆ ಏನೆಂದರೆ, ನಾವು ಕಣ್ಣು ಮುಚ್ಚಿ ಕಾಪಿ ಹೊಡೆಯುವ ಆ ಎಸ್‌ಆರ್‌ಎಸ್ (ಬೇಡಿಕೆಗಳ ದಾಖಲೆ) ಮಾದರಿ ಇದೆಯಲ್ಲ, ಇಂಜಿನಿಯರುಗಳ ಸಂಘ ಹೊರಡಿಸಿದ 1998ರ ಐಟ್ರಿಪಲ್‌ಇ 830, ಅದರಲ್ಲೇ ಇದಕ್ಕೆ ಎಚ್ಚರಿಕೆ ಇದೆ. "ಚೆನ್ನಾಗಿ ಕೆಲಸ ಮಾಡಬೇಕು" ಅನ್ನುವಂಥದ್ದು ಪರೀಕ್ಷಿಸಲು ಬಾರದ ಬೇಡಿಕೆ ಅಂತ ಉದಾಹರಣೆ ಸಮೇತ ಬರೆದಿದ್ದಾರೆ. 2011ರಲ್ಲಿ ಅದರ ಜಾಗಕ್ಕೆ 29148 ಅನ್ನುವ ಹೊಸದು ಬಂತು. ನಮ್ಮ ಹುಡುಗರು ಕಾಪಿ ಹೊಡೆಯುವುದು ಇನ್ನೂ ಹಳೆಯದನ್ನೇ. ಅದರ ತಲೆಬರಹಗಳನ್ನು ಮಾತ್ರ.

ಹುಡುಗರು ಮೊದಲು "ಆಫ್‌ಲೈನ್ ಸಪೋರ್ಟ್ ಇರಬೇಕು" ಅಂತ ಬರೆದಿದ್ದರು. ಹೊಡೆದು ಹಾಕಿಸಿದೆ. ಈಗ ಹೀಗಿದೆ: ನೆಟ್ ಆಫ್ ಮಾಡಿ ಇವತ್ತಿನ ಲೆಕ್ಕ ಬರೆದು, ಫೋನ್ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಬರೆದದ್ದು ಅಲ್ಲೇ ಇರಬೇಕು. ಇದ್ದರೆ ಪಾಸು, ಇಲ್ಲದಿದ್ದರೆ ಫೇಲು. ಮಳೆಗಾಲದಲ್ಲಿ ಕರೆಂಟು, ಟವರು ಎರಡೂ ಒಟ್ಟಿಗೆ ಮಲಗುವ ಊರಿಗೆ ಇದಕ್ಕಿಂತ ದೊಡ್ಡ ಬೇಡಿಕೆ ಇಲ್ಲ.

ಇನ್ನೊಂದು ವಿಷಯ ಯಾರೂ ಯೋಚಿಸುವುದಿಲ್ಲ. ಫೈನಲ್ ವೈವಾ ಬರುವುದು ಬೇಸಿಗೆಯಲ್ಲಿ. ಕೊಳೆ ಬರುವುದು ಮಳೆಗಾಲದಲ್ಲಿ. "ಕೊಳೆ ನಷ್ಟ ತಗ್ಗಿಸುವುದು" ಅಂತ ಗುರಿ ಇಟ್ಟರೆ ಅದು ಆಯಿತೋ ಇಲ್ಲವೋ ಅಂತ ನೋಡುವ ಹೊತ್ತಿಗೆ ಇವರು ಬೆಂಗಳೂರಿನಲ್ಲಿ ಪಿಜಿ ಹುಡುಕುತ್ತಿರುತ್ತಾರೆ. ಕಾರವಾರದ ಒಂದು ತಂಡ ಬೋಟಿನ ಮೀನಿನ ಲೆಕ್ಕದ ಆ್ಯಪ್ ಮಾಡಿ, ಟೆಸ್ಟಿಂಗ್‌ಗೆ ಜೂನ್ ತಿಂಗಳು ಇಟ್ಟುಕೊಂಡಿತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ! ಬೈತಖೋಲ ಬಂದರಿನಲ್ಲಿ ಬೋಟುಗಳೆಲ್ಲ ಕಟ್ಟಿಹಾಕಿದ್ದವು. ಹಾಗಾಗಿ ನಮ್ಮ ಹುಡುಗರ ಗುರಿ ಈಗ ಇಷ್ಟು: ಹೋದ ಮಳೆಗಾಲದ ಲೆಕ್ಕವನ್ನು ಭಾವ ಡೈರಿ ನೋಡಿ, ಯಾರನ್ನೂ ಕೇಳದೆ, ತಾನೇ ಫೋನಿಗೆ ಹಾಕಬೇಕು. ಇದನ್ನು ಮಾರ್ಚಿನಲ್ಲೂ ನೋಡಬಹುದು.

ಬ್ಲಾಕ್‌ಚೈನ್ ಎಲ್ಲಿ ಹೋಯ್ತು? "ಈ ಸಲ ಮಾಡುವುದಿಲ್ಲ" ಅಂತ ಒಂದು ಪಟ್ಟಿ ಮಾಡಿಸಿದೆ, ಅದರಲ್ಲಿ ಮೊದಲನೆಯದು ಅದೇ. ಗೈಡ್‌ಗಳನ್ನು ಪೂರ್ತಿ ಬೈಯುವುದಿಲ್ಲ, ಅವರ ಮೇಲೂ ಒತ್ತಡ ಇದೆ. ಆದರೆ ಶೀರ್ಷಿಕೆಯಲ್ಲಿ ಎಐ ಇಲ್ಲದಿದ್ದರೆ ಮಾರ್ಕ್ಸ್ ಇಲ್ಲ ಅನ್ನುವ ಭಯ ಹುಟ್ಟಿಸಿದರೆ, ಹುಡುಗರು ಹೋಗುವುದು ದುಡ್ಡಿಗೆ ರೆಡಿ ಪ್ರಾಜೆಕ್ಟ್ ಮಾರುವ ಅಂಗಡಿಗೇ.

ಕಳೆದ ವಾರ ಮತ್ತೆ ಹೋಗಿದ್ದೆವು. ಕೋಡ್ ಇಲ್ಲ, ಸುಮ್ನೆ ಹಾಳೆ ಮೇಲೆ ಪರದೆಗಳನ್ನು ಬರೆದುಕೊಂಡು. ಭಾವ ತಲೆಯಾಡಿಸಿದ. ಅಕ್ಕ ಒಳಗಿಂದ ಕೈ ಒರೆಸಿಕೊಳ್ಳುತ್ತಾ ಬಂದು, "ಮೈಲುತುತ್ತ ಎಷ್ಟು ಉಳಿದ್ದು ಹೇಳಿ ಇದ್ರಲ್ಲಿ ನೋಡಲಾಗ್ತಾ?" ಅಂದಳು. ಮನೆಯ ಸಾಮಾನಿನ ಲೆಕ್ಕ ಇಡುವವಳು ಅವಳು. ಇಷ್ಟು ದಿನ ನಾವು ಯಾರೂ ಅವಳನ್ನು ಕೇಳಿಯೇ ಇರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ದೊಡ್ಡ ಜಗಳ. ಅಕ್ಕನದನ್ನು ಸೇರಿಸಿದರೆ ಪಟ್ಟಿಯಿಂದ ಯಾವುದನ್ನು ತೆಗೆಯಬೇಕು ಅಂತ. ಶಿರಸಿ ಬಸ್ ಸ್ಟ್ಯಾಂಡ್ ಬಂದರೂ ಮುಗಿದಿರಲಿಲ್ಲ.