ಸೈ ಯಂಗ್ ಯಾರನ್ನು ನೋಡುತ್ತಿದ್ದಾನೆ?

“ಇವನ್ಯಾರೇ?” ಅಂತ ಕೇಳಿದೆ.

“ಯಾರೋ ಬೇಸ್‌ಬಾಲ್ ಆಡೋನು ಅಪ್ಪ” ಅಂದಳು ಮಗಳು. ಒಂದೂವರೆ ವರ್ಷದಿಂದ ಆ ಪ್ರತಿಮೆಯ ಪಕ್ಕದಲ್ಲೇ ಕ್ಲಾಸಿಗೆ ಹೋಗಿ ಬರುತ್ತಿದ್ದಾಳೆ. ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ಯೂನಿವರ್ಸಿಟಿ. ನಾನು ಹೋಗಿದ್ದು ಆರು ವಾರಕ್ಕೆ, ಅವಳನ್ನು ನೋಡಿಕೊಂಡು ಬರೋಣ ಅಂತ. ಸಂಜೆ ಅವಳಿಗೆ ಕ್ಲಾಸು. ಮನೆಯಲ್ಲಿ ಅವಳ ರೂಮ್‌ಮೇಟ್‌ಗಳ ಮಧ್ಯೆ ಸುಮ್ನೆ ಕೂರೋದಕ್ಕೆ ನನಗೆ ಸಂಕೋಚ. ಹಾಗಾಗಿ ದಿನಾ ಕ್ಯಾಂಪಸ್ಸಿನಲ್ಲಿ ಇವನ ಹತ್ತಿರ ಬಂದು ಕಾಯುತ್ತಿದ್ದೆ.

ಮೊದಲೆರಡು ದಿನ ಯಾರೋ ದಾನಿ ಇರಬೇಕು ಅಂದುಕೊಂಡಿದ್ದೆ. ಆದರೆ ದಾನಿಗಳು ಹೀಗೆ ನಿಲ್ಲಲ್ಲ ಅಲ್ವಾ? ಇವನು ಮುಂದಕ್ಕೆ ಬಗ್ಗಿದ್ದಾನೆ, ಕೈಯಲ್ಲಿ ಚೆಂಡು. ನಮ್ಮ ಕಡೆ ನೋಡುವುದೇ ಇಲ್ಲ. ಇನ್ನೇನನ್ನೋ ದಿಟ್ಟಿಸುತ್ತಿದ್ದಾನೆ. ಮೂರನೇ ದಿನ ಬೇಜಾರಿಗೆ ಅವನ ಕಣ್ಣು ಹೋದ ದಿಕ್ಕಿಗೇ ನಡೆದು ನೋಡಿದೆ. ನೆಲದಲ್ಲಿ ಐದು ಮೂಲೆಯ ಒಂದು ಫಲಕ ಕೂರಿಸಿದ್ದಾರೆ. ಹೋಮ್ ಪ್ಲೇಟ್. ಕ್ರಿಕೆಟ್ ಭಾಷೆಯಲ್ಲಿ ಹೇಳಬೇಕಂದ್ರೆ ಬ್ಯಾಟ್ಸ್‌ಮನ್ ನಿಲ್ಲೋ ಜಾಗ. ಹುಡುಗರು ಬ್ಯಾಗ್ ಹಾಕಿಕೊಂಡು, ಫೋನ್ ನೋಡಿಕೊಂಡು ಅದನ್ನು ತುಳಿದುಕೊಂಡೇ ಹೋಗುತ್ತಿದ್ದರು.

ಪ್ರತಿಮೆಯಿಂದ ಅಲ್ಲಿಗೆ 60 ಅಡಿ 6 ಇಂಚು. ಹೆಜ್ಜೆ ಹಾಕಿ ಎಣಿಸಿದೆ, ನನ್ನ ನಡಿಗೆಗೆ ಇಪ್ಪತ್ತನಾಲ್ಕು ಹೆಜ್ಜೆ. ಬೇಸ್‌ಬಾಲಿನಲ್ಲಿ ಚೆಂಡು ಎಸೆಯುವ ಪಿಚರ್‌ಗೂ ಪ್ಲೇಟಿಗೂ 1893ರಿಂದ ಇರುವ ದೂರ ಇದೇ. ನಮ್ಮ 22 ಗಜದ ಪಿಚ್ಚಿಗಿಂತ ಐದೂವರೆ ಅಡಿ ಕಡಿಮೆ. ಅದೂ ನೆಲಕ್ಕೆ ಕುಟ್ಟದೆ ನೇರ ಬರುವ ಚೆಂಡು. ಪ್ಲೇಟಿನ ಪಕ್ಕ ನಿಂತು ತಿರುಗಿ ನೋಡಿದರೆ ಕಂಚಿನ ಆಸಾಮಿ ನನ್ನನ್ನೇ ನೋಡುತ್ತಿದ್ದಾನೆ. ನಿಜ ಹೇಳ್ತೀನಿ, ಒಂದು ಕಾಲು ಹಿಂದಿಟ್ಟೆ.

ಅಲ್ಲಿಂದ ನನಗೆ ಹುಚ್ಚು ಹತ್ತಿತು. ಮಗಳ ಲ್ಯಾಪ್‌ಟಾಪಿನಲ್ಲಿ ಕೂತು ಓದಿದ್ದೇ ಓದಿದ್ದು.

ಅವನ ಹೆಸರು ಡೆಂಟನ್ ಯಂಗ್. ಒಹಾಯೋದ ರೈತರ ಹುಡುಗ. ಚೆಂಡು ಸುಂಟರಗಾಳಿ ಹಾಗೆ ಬರುತ್ತೆ ಅಂತ ‘ಸೈಕ್ಲೋನ್’ ಅನ್ನೋರು, ಅದೇ ಮೊಟಕಾಗಿ ‘ಸೈ’ ಆಯಿತು. ಗೆದ್ದುಕೊಟ್ಟ ಪಂದ್ಯ 511. ಅವನ ನಂತರ ಇರುವ ವಾಲ್ಟರ್ ಜಾನ್ಸನ್ 417ಕ್ಕೆ ನಿಂತ. ಆ ದಾಖಲೆ ಇನ್ನು ಯಾರೂ ಮುರಿಯಲ್ಲ, ಈಗಿನ ಪಿಚರ್‌ಗಳು ಅಷ್ಟು ಪಂದ್ಯ ಆಡುವುದೇ ಇಲ್ಲ. 1956ರಿಂದ ಒಳ್ಳೆಯ ಪಿಚರ್‌ಗೆ ಕೊಡುವ ಪ್ರಶಸ್ತಿಗೂ ಇವನದೇ ಹೆಸರು.

ಇವನು ನಿಂತಿರುವ ಜಾಗದಲ್ಲಿ ಹಂಟಿಂಗ್ಟನ್ ಅವೆನ್ಯೂ ಗ್ರೌಂಡ್ಸ್ ಅನ್ನುವ ಮೈದಾನ ಇತ್ತು. 1901ರಲ್ಲಿ ಶುರು. ಈಗ ರೆಡ್ ಸಾಕ್ಸ್ ಅನ್ನಿಸಿಕೊಳ್ಳುವ ತಂಡಕ್ಕೆ ಆಗ ಆ ಹೆಸರೇ ಇರಲಿಲ್ಲ, ಬಾಸ್ಟನ್ ಅಮೆರಿಕನ್ಸ್ ಅನ್ನುತ್ತಿದ್ದರು. ಅದಕ್ಕೂ ಮುಂಚೆ ಅಲ್ಲಿ ಸರ್ಕಸ್ ಡೇರೆ ಹಾಕುತ್ತಿದ್ದರಂತೆ. ಮೈದಾನವೂ ಹಾಗೇ ಇತ್ತು ಅನ್ನಿ. ಅಲ್ಲಲ್ಲಿ ಹುಲ್ಲು ಬೆಳೆಯದೆ ಬರೀ ಮರಳು. ನಡು ಮೈದಾನದ ತುದಿಯಲ್ಲಿ ಸಾಮಾನು ಇಡುವ ಒಂದು ಶೆಡ್ಡು, ಅದೂ ಆಟದೊಳಗೇ! ಚೆಂಡು ಆ ಕಡೆ ಹೋದರೆ ಫೀಲ್ಡರ್ ಹುಡುಕಿಕೊಂಡು ಬರಬೇಕು. 1908ರ ಹೊತ್ತಿಗೆ ಪ್ಲೇಟಿನಿಂದ ಆ ತುದಿಗೆ 635 ಅಡಿ, ಅಂದರೆ 193 ಮೀಟರ್. ನಮ್ಮ ಚಿನ್ನಸ್ವಾಮಿ ಬೌಂಡರಿಯ ಎರಡು ಪಟ್ಟಿಗೂ ಜಾಸ್ತಿ.

ಇಂಥ ಮೈದಾನದಲ್ಲಿ 1903ರ ಅಕ್ಟೋಬರ್ 1ರಂದು ಮೊದಲ ವರ್ಲ್ಡ್ ಸೀರೀಸ್‌ನ, ಅಂದರೆ ಅಮೆರಿಕದ ಬೇಸ್‌ಬಾಲ್ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಸರಣಿಯ, ಮೊದಲ ಪಂದ್ಯ ನಡೆಯಿತು. ಎದುರಾಳಿ ಪಿಟ್ಸ್‌ಬರ್ಗ್. ಜನ ಎಷ್ಟು ಬಂದರು ಅಂದ್ರೆ, ಹಗ್ಗ ಕಟ್ಟಿ ಮೈದಾನದೊಳಗೇ ನಿಲ್ಲಿಸಬೇಕಾಯಿತು. ಮೊದಲ ಚೆಂಡು ಎಸೆದವನು ಇದೇ ಯಂಗ್. ಸೋತ, 7-3ರಲ್ಲಿ. ನನಗೆ ಇದು ಬಹಳ ಹಿಡಿಸಿತು. ನಾವಾಗಿದ್ದರೆ ಈ ವಿಷಯ ಎಲ್ಲೂ ಬಾಯಿಬಿಡುತ್ತಿರಲಿಲ್ಲ. ಕೊನೆಗೆ ಅಕ್ಟೋಬರ್ 13ರಂದು, ಎಂಟನೇ ಪಂದ್ಯದಲ್ಲಿ ಬಾಸ್ಟನ್ 5-3 ಪಂದ್ಯಗಳಿಂದ ಸರಣಿ ಗೆದ್ದಿತು. ಮರುವರ್ಷ ಮೇ 5ಕ್ಕೆ ಇದೇ ಜಾಗದಿಂದ ಯಂಗ್ ಫಿಲಡೆಲ್ಫಿಯಾ ತಂಡದ ಬ್ಯಾಟರ್‌ಗಳನ್ನು ಸತತವಾಗಿ 27 ಸಲ ಔಟ್ ಮಾಡಿದ. ರನ್ನಿಗೆ ಓಡುವಾಗ ಮೊದಲು ಸಿಗುವ ನಿಲ್ದಾಣ, ಆ ಮೊದಲ ಬೇಸನ್ನೂ ಒಬ್ಬನೂ ಮುಟ್ಟಲಿಲ್ಲ. ಆಗ ಅವನಿಗೆ 37 ವರ್ಷ.

ಮೈದಾನ ಬಾಳಿದ್ದು ಹನ್ನೊಂದೇ ಸೀಸನ್. ಆಗಿನ ಮೈದಾನಗಳೆಲ್ಲ ಮರದವು, ಬೆಂಕಿ ಬಿದ್ದರೆ ಮುಗೀತು. ಊರೂರಲ್ಲೂ ಕಾಂಕ್ರೀಟು, ಉಕ್ಕಿನ ಮೈದಾನ ಏಳತೊಡಗಿದ್ದವು. 1912ರಲ್ಲಿ ತಂಡ ಫೆನ್‌ವೇ ಪಾರ್ಕಿಗೆ ಹೋಯಿತು, ಇದನ್ನು ಕೆಡವಿದರು. 1954ರಿಂದ ಇಲ್ಲಿ ಯೂನಿವರ್ಸಿಟಿಯ ಒಳಾಂಗಣ ಕ್ರೀಡಾಂಗಣ ಇದೆ. ಪ್ರತಿಮೆ ಬಂದಿದ್ದು 1993ರಲ್ಲಿ.

ಈಗ ನನ್ನ ತಕರಾರಿಗೆ ಬರ್ತೀನಿ. ಪ್ರತಿಮೆ ಅಂದ್ರೆ ನನಗೆ ಅಲರ್ಜಿ. ಎತ್ತರದ ಕಟ್ಟೆ, ಮೇಲಕ್ಕೆತ್ತಿದ ಕೈ, ವರ್ಷಕ್ಕೊಂದು ಹಾರ, ಉಳಿದ 364 ದಿನ ಪಾರಿವಾಳ. ಆ ಮನುಷ್ಯ ಯಾಕೆ ಅಲ್ಲೇ ನಿಂತಿದ್ದಾನೆ ಅಂತ ಕೇಳಿದರೆ ಉತ್ತರ ಇರಲ್ಲ. ಅಲ್ಲಿಂದ ಕಿತ್ತು ಇನ್ನೊಂದು ಸರ್ಕಲ್ಲಿಗೆ ಹಾಕಿದರೂ ಏನೂ ವ್ಯತ್ಯಾಸ ಆಗಲ್ಲ. ಸೈ ಯಂಗ್‌ನನ್ನು ಮಾತ್ರ ಹತ್ತಡಿ ಆಚೆ ಇಡೋದಕ್ಕೂ ಆಗಲ್ಲ. ಇಟ್ಟರೆ ಲೆಕ್ಕ ತಪ್ಪುತ್ತೆ. ನನ್ನ ಕೇಳಿದರೆ, ಅಲ್ಲಿನ ಅಸಲಿ ಸ್ಮಾರಕ ಕಂಚಿನದ್ದಲ್ಲ. ಆ ಎರಡರ ನಡುವೆ ಇರುವ ಖಾಲಿ ಅರವತ್ತೂವರೆ ಅಡಿ. ಹಾಗೆ ನೋಡಿದರೆ ಪ್ರತಿಮೆ ಬರುವ ಮುಂಚೆಯೇ ಕ್ರೀಡಾಂಗಣದ ಗೋಡೆಯ ಮೇಲೆ ಎಡಗಡೆಯ ಫೌಲ್ ಕಂಬ (ಆಟದ ಗಡಿ ತೋರಿಸುವ ಕಂಬ) ಇದ್ದ ಜಾಗಕ್ಕೂ ಒಂದು ಫಲಕ ಹಾಕಿದ್ದರು.

ಎಲ್ಲ ಕಡೆ ಹೀಗಿಲ್ಲ. ಬ್ರೂಕ್ಲಿನ್‌ನ ಎಬೆಟ್ಸ್ ಫೀಲ್ಡ್, ಬಿಳಿಯರಷ್ಟೇ ಆಡುತ್ತಿದ್ದ ದೊಡ್ಡ ಲೀಗಿಗೆ ಕಾಲಿಟ್ಟ ಕಪ್ಪು ಆಟಗಾರ ಜಾಕಿ ರಾಬಿನ್ಸನ್ 1947ರಲ್ಲಿ ಮೊದಲು ಕಣಕ್ಕಿಳಿದ ಮೈದಾನ, ಈಗ ದೊಡ್ಡ ಅಪಾರ್ಟ್‌ಮೆಂಟು. ಅಲ್ಲಿ ‘ಚೆಂಡಾಟ ಆಡಬಾರದು’ ಅಂತ ಬೋರ್ಡ್ ಬೇರೆ ಹಾಕಿದ್ದರು! ಪಿಟ್ಸ್‌ಬರ್ಗಿನವರು ವಾಸಿ. ಫೋರ್ಬ್ಸ್ ಫೀಲ್ಡ್ ಹೋದರೂ ಅದರ ಇಟ್ಟಿಗೆ ಗೋಡೆಯ ಒಂದು ತುಂಡು ಉಳಿಸಿಕೊಂಡಿದ್ದಾರೆ. 1960ರಲ್ಲಿ ಅಲ್ಲಿ ಸರಣಿ ಗೆದ್ದ ದಿನ ವರ್ಷ ವರ್ಷ ಜನ ಸೇರಿ ಹಳೆಯ ರೇಡಿಯೊ ಕಾಮೆಂಟರಿ ಕೇಳುತ್ತಾರೆ. ಆ ದಿನವೂ ಅಕ್ಟೋಬರ್ 13, ಅದಕ್ಕೆ 57 ವರ್ಷ ಮುಂಚೆ ಅವರು ಬಾಸ್ಟನ್ನಿನಲ್ಲಿ ಸೋತ ತಾರೀಖೇ.

ಹೊರಡುವ ಹಿಂದಿನ ಸಂಜೆ ಮಗಳು ಕ್ಲಾಸ್ ಮುಗಿಸಿ ಬಂದಳು. ಕಥೆಯೆಲ್ಲ ಹೇಳಿ, ಪ್ಲೇಟಿನ ಪಕ್ಕ ನಿಲ್ಲಿಸಿ, ನಾನು ಯಂಗ್ ಪಕ್ಕ ನಿಂತೆ. “ಹಾಕಪ್ಪ ನೋಡೋಣ” ಅಂತ ಛತ್ರಿಯನ್ನೇ ಬ್ಯಾಟ್ ಹಾಗೆ ಹಿಡಿದಳು. ಜೇಬಿನಲ್ಲಿದ್ದ ಕಿತ್ತಳೆ ಹಣ್ಣು ಎಸೆದೆ. ಭುಜ ಕಳಕ್ ಅಂತು. ಹಣ್ಣು ಅರ್ಧ ದಾರಿಗೇ ನೆಲಕ್ಕೆ ಬಿದ್ದು, ಉರುಳಿಕೊಂಡು ಅವಳ ಶೂ ಹತ್ತಿರ ನಿಂತಿತು.

“ನೋ ಬಾಲ್!” ಅಂತ ಕೂಗಿದಳು. ಬೇಸ್‌ಬಾಲಿನಲ್ಲಿ ನೋ ಬಾಲ್ ಇಲ್ಲ ಕಣೇ ಅಂತ ಹೇಳೋಷ್ಟರಲ್ಲಿ ಹಣ್ಣು ಸುಲಿಯೋಕೆ ಶುರು ಮಾಡಿದ್ದಳು.