ಜರ್ಕಿನ್ ತೊಟ್ಟ ಯುಗಾದಿ

2021ರ ಏಪ್ರಿಲ್ 12, ಸೋಮವಾರ. ಲಂಡನ್ನಿನ ಹ್ಯಾರೋದಲ್ಲಿರುವ ನಮ್ಮ ಮನೆಯ ಕರ್ಟನ್ ಸರಿಸಿದರೆ ಹೊರಗೆ ಹಿಮ ಉದುರುತ್ತಿದೆ! ಕೊರೋನಾ ಲಾಕ್‌ಡೌನಿನಿಂದಾಗಿ ಡಿಸೆಂಬರಿನಿಂದ ಬಾಗಿಲು ಹಾಕಿದ್ದ ಕಟಿಂಗ್ ಶಾಪು, ಬಟ್ಟೆಯಂಗಡಿ, ಪಬ್ಬಿನ ಅಂಗಳ ಎಲ್ಲ ತೆರೆಯುವ ದಿನ ಅದು. ನಮ್ಮೆಜಮಾನರು ಮೂರು ವಾರ ಮೊದಲೇ ಕಟಿಂಗ್ ಬುಕ್ ಮಾಡಿದ್ದರು. ಫೆಬ್ರವರಿಯಲ್ಲಿ ಅದೇ ತಲೆಗೆ ನಾನು ಅಡುಗೆಮನೆ ಕತ್ತರಿ ಆಡಿಸಿದ್ದೆ. ಆ ಕಥೆ ಈಗ ಬೇಡ. ಹಿಮದಲ್ಲೇ ಹೋಗಿ ಮಿಷನ್ ಹಾಕಿಸಿಕೊಂಡು ಬಂದವರು, "ಕೂದಲಿದ್ದಾಗ ಬೆಚ್ಚಗಿತ್ತು ಕಣೇ" ಎನ್ನುತ್ತಾ ಮಂಕಿ ಟೋಪಿ ಹುಡುಕತೊಡಗಿದರು.

ಮಾರನೇ ದಿನವೇ ಯುಗಾದಿ. ಮನೆಯೊಳಗೆ ಯಾರನ್ನೂ ಕರೆಯುವಂತಿಲ್ಲ. ಹೊರಗೆ ಸೇರುವುದಾದರೆ ಆರು ಜನ, ಇಲ್ಲವೇ ಎರಡು ಮನೆಯವರು. ನಾವು ಮೂವರು, ದಾವಣಗೆರೆಯ ಸ್ನೇಹಿತರು ನಾಲ್ವರು. ಏಳು ಜನ, ಆದರೆ ಮನೆ ಎರಡೇ, ಹಾಗಾಗಿ ನಡೆಯುತ್ತೆ. ರಾಹುಕಾಲ ತಪ್ಪಿಸಿ ಮುಹೂರ್ತ ಇಡುವುದೇ ಇದಕ್ಕಿಂತ ಸಲೀಸು.

ಸಂಜೆ ಹಿತ್ತಿಲಿನಲ್ಲಿ ಎಲೆ ಹಾಕಿದ್ದಾಯಿತು. ಹೋಳಿಗೆ ಮೇಲೆ ಬಿಟ್ಟ ತುಪ್ಪ ಹರಿಯಲೇ ಇಲ್ಲ, ಬಿದ್ದಲ್ಲೇ ಮೇಣವಾಗಿ ಕೂತಿತು. ಹೋಳಿಗೆಯಂತೂ ಹಪ್ಪಳದ ಹಾಗೆ ಪಟ್ಟೆಂದು ಮುರಿಯಿತು. ಆದರೆ ಕಾನೂನಿನಲ್ಲಿ ಒಂದು ಸಂದಿ ಇತ್ತು: ಬಾತ್‌ರೂಮಿಗೆಂದು ಒಳಗೆ ಹೋಗಬಹುದು. ಬಾತ್‌ರೂಮಿನ ಪಕ್ಕದಲ್ಲೇ ಹೀಟರ್! ಮೊದಲು ಅವರ ಮಗಳಿಗೆ ಅವಸರವಾಯಿತು. ಆಮೇಲೆ ಮಗನಿಗೆ, ಅವರಮ್ಮನಿಗೆ. ಕೊನೆಗೆ ಅವರ ಮನೆ ಯಜಮಾನರೇ ಎಲೆ ಮುಂದಿನಿಂದೆದ್ದು ಹೋದವರು ಹದಿನೈದು ನಿಮಿಷ ಪತ್ತೆಯಿಲ್ಲ. ಹೊಟ್ಟೆ ಕೆಟ್ಟಿತೇನೋ ಎಂದು ನಾನು ಗಾಬರಿಯಾದೆ.

ಅಷ್ಟರಲ್ಲಿ ಮೈಸೂರಿನಿಂದ ಅಮ್ಮನ ವಿಡಿಯೋ ಕಾಲ್. ಇಲ್ಲಿ ಬಾಗಿಲು ತೆಗೆಯುವ ಹೊತ್ತಿಗೆ ಊರಿನಲ್ಲಿ ಎರಡನೇ ಅಲೆ ಏಳುತ್ತಿತ್ತು. ಅಮ್ಮ ಆ ಮಾತೇ ಎತ್ತದೆ ನನ್ನ ಜರ್ಕಿನ್ ಹಿಂದೆ ಬಿದ್ದಳು.

"ವರ್ಷದ ಮೊದಲ ಹಬ್ಬ, ಒಂದು ರೇಷ್ಮೆ ಸೀರೆ ಉಡಕ್ಕಾಗಲ್ವೇನೇ?"

"ಉಟ್ಟಿದ್ದೀನಮ್ಮಾ" ಎಂದು ಜಿಪ್ ಎಳೆದು ಸೆರಗು ತೋರಿಸಿ, ಮತ್ತೆ ಜಿಪ್ ಏರಿಸಿದೆ.

"ವಸಂತ ಬಂತಲ್ಲ, ಇನ್ನು ಬೆಚ್ಚಗಾಗತ್ತೆ ಬಿಡು. ಈ ಸಲ ಪ್ಲವ ಸಂವತ್ಸರ."

ಪ್ಲವ ಅಂದರೆ ದೋಣಿ ಎಂಬುದು ನನಗೆ ಹೊಳೆದಿದ್ದು ಮೇ ತಿಂಗಳಲ್ಲಿ. ಏಪ್ರಿಲ್ ಪೂರ್ತಿ ರಾತ್ರಿ ರಾತ್ರಿ ಹಿಮಗಟ್ಟಿ ನನ್ನ ಮೆಂತ್ಯದ ಸಸಿಗಳೆಲ್ಲ ಸತ್ತವು. ಮೇನಲ್ಲಿ ಹಿಡಿದ ಮಳೆಗೆ ಖಾಲಿ ಪಾತಿ ಕೆರೆಯಾಯಿತು.

ಮೇ 17ಕ್ಕೆ ಕೊನೆಗೂ ಮನೆಯೊಳಗೆ ನೆಂಟರನ್ನು ಕರೆಯಬಹುದು ಎಂದಾಯಿತು. ಅದೇ ಸ್ನೇಹಿತರು ಛತ್ರಿ ಕೊಡವಿಕೊಂಡು ಒಳಗೆ ಬಂದರು. ಸೋಫಾ ತೋರಿಸಿ ಕೂರಿ ಎಂದರೆ ಅವರ ಮಗಳು ಅನುಮಾನದಿಂದ ನನ್ನನ್ನೇ ನೋಡಿ, "ಆಂಟಿ, ಬಾತ್‌ರೂಮಿಗೆ ಹೋಗ್ಬೇಕು" ಎಂದವಳೇ ಸೀದಾ ಹೀಟರಿಗೆ ಬೆನ್ನು ಕೊಟ್ಟು ನಿಂತುಕೊಂಡಳು.