ಸ್ಪಿರಿಟ್ ಕತ್ತಿ, ಮೂಡಿಗೆರೆ ಕರೆಂಟು

ಮಳೆ ಹಿಡಿಯಿತೆಂದರೆ ಮೂಡಿಗೆರೆ, ಕೊಪ್ಪ, ಬಾಳೆಹೊನ್ನೂರು ಕಡೆಯ ಹುಡುಗರಿಗೆ ತೋಟದಲ್ಲಿ ಹೆಚ್ಚು ಕೆಲಸವಿಲ್ಲ. ಅರೇಬಿಕಾ ಕಾಫಿ ಕೊಯ್ಲು ಶುರುವಾಗುವುದು ನವೆಂಬರ್ ಹೊತ್ತಿಗೆ. ಅಲ್ಲಿಯವರೆಗೆ ಅವರು ಕೊಯ್ಯುವುದು ರಾಕ್ಷಸರನ್ನು. ಇದಕ್ಕೆ ಡಯಾಬ್ಲೊ 2ಕ್ಕಿಂತ ಹೊಂದುವ ಕಂಪ್ಯೂಟರ್ ಆಟ ಇನ್ನೊಂದಿಲ್ಲ. ಬಂದದ್ದು 2000ದಲ್ಲಿ, 2021ರಲ್ಲಿ ರಿಸರೆಕ್ಟೆಡ್ ಎಂಬ ಹೆಸರಲ್ಲಿ ಮೈಬಣ್ಣ ಬದಲಿಸಿಕೊಂಡು ಮತ್ತೆ ಬಂತು. ಆಫ್‌ಲೈನ್ ಆಡಬಹುದು. ಟವರ್ ಬಿದ್ದು ನೆಟ್ ಹೋದರೂ ಆಟ ನಡೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಒಳಗಿಂದ ಅಮ್ಮ "ರೊಟ್ಟಿ ಆರಿ ಹೋಗ್ತದೆ, ಬರ್ತೀಯೋ ಇಲ್ವೋ" ಎಂದಾಗ ಎಸ್ಕೇಪ್ ಒತ್ತಿದರೆ ರಾಕ್ಷಸರು ಇದ್ದಲ್ಲೇ ನಿಲ್ಲುತ್ತಾರೆ. ಆನ್‌ಲೈನಿನಲ್ಲಿ ಯಾರ ಅಮ್ಮ ಕರೆದರೂ ನಿಲ್ಲುವುದಿಲ್ಲ.

ಅಪರೂಪದ ಸಾಮಾನು ಸಿಗುವುದಿಲ್ಲ ಎಂದು ಹಣೆಬರಹವನ್ನು ಬೈಯುವವರೇ ಹೆಚ್ಚು. ಸಿಕ್ಕುತ್ತದೆ. ಸಿಕ್ಕಿದ ಮೇಲಿನ ಎರಡು ನಿಮಿಷದಲ್ಲಿ ಅದನ್ನು ಹಾಳು ಮಾಡುವ ಕೈ ಮಾತ್ರ ನಮ್ಮದೇ.

ಹುಡುಕುವುದನ್ನು ಬೇಗ ಮುಗಿಸೋಣ. ಮ್ಯಾಜಿಕ್ ಫೈಂಡ್ (ಅಪರೂಪದ ಸಾಮಾನು ಬೀಳುವ ಸಾಧ್ಯತೆ ಹೆಚ್ಚಿಸುವ ಶೇಕಡಾ ಸಂಖ್ಯೆ) ಏರಿಸಿದಷ್ಟೂ ಲಾಭ ಎಂದು ನಂಬಿ, ಕೊಲ್ಲುವ ಶಕ್ತಿಯನ್ನೆಲ್ಲ ಬಿಚ್ಚಿಟ್ಟು, ಅದನ್ನು ಏರಿಸುವ ಪುಷ್ಪರಾಗ ತುಂಬಿದ ಅಂಗಿ ತೊಟ್ಟು ಹೊರಡುತ್ತಾರೆ. ಯುನಿಕ್ ಎಂಬ ಅಪರೂಪದ ದರ್ಜೆಯ ವಸ್ತುಗಳಿಗೆ ಲೆಕ್ಕವೇ ಬೇರೆ: ನಿಮ್ಮ ಸಂಖ್ಯೆಯನ್ನು 250ರಿಂದ ಗುಣಿಸಿ, ಅದೇ ಸಂಖ್ಯೆಗೆ 250 ಕೂಡಿಸಿದ ಮೊತ್ತದಿಂದ ಭಾಗಿಸಬೇಕು. 100 ಇದ್ದರೆ ಕೈಗೆ ಬರುವುದು 71, 300 ಇದ್ದರೆ 136, 500 ಇದ್ದರೆ 166. ಕೊನೆಯ ಇನ್ನೂರಕ್ಕೆ ಬರೀ ಮೂವತ್ತರ ಲಾಭ. ಅಷ್ಟರಲ್ಲಿ ಮೆಫಿಸ್ಟೊ ಎಂಬ ದೊಡ್ಡ ರಾಕ್ಷಸ ಒಂದೇ ಏಟಿಗೆ ಮಲಗಿಸಿರುತ್ತಾನೆ. ಇನ್ನು ರೂನ್‌ಗಳ (ಆಯುಧಕ್ಕೆ ಕೂರಿಸುವ ಮಂತ್ರಾಕ್ಷರದ ಕಲ್ಲುಗಳು) ಮೇಲೆ ಮ್ಯಾಜಿಕ್ ಫೈಂಡ್ ಕೆಲಸವನ್ನೇ ಮಾಡುವುದಿಲ್ಲ.

ರೂನ್ ಬೇಕೆಂದರೆ ಬ್ಲ್ಯಾಕ್ ಮಾರ್ಷ್ ವೇಪಾಯಿಂಟಿನಿಂದ (ದೂರದ ಜಾಗಕ್ಕೆ ನೇರವಾಗಿ ಹಾರಿಸುವ ಕಟ್ಟೆ) ಫರ್ಗಾಟನ್ ಟವರಿಗೆ ಹೋಗಿ, ಐದನೇ ನೆಲಮಾಳಿಗೆಯಲ್ಲಿರುವ ಕೌಂಟೆಸ್‌ಳನ್ನು ಕೊಲ್ಲಬೇಕು. ಆಫ್‌ಲೈನಿನಲ್ಲಿ ಡಿಫಿಕಲ್ಟಿ, ಅಂದರೆ ಆಟದ ಕಠಿಣತೆಯ ಹಂತ, ಬದಲಿಸದಿದ್ದರೆ ನಕ್ಷೆಯೂ ಬದಲಾಗುವುದಿಲ್ಲ, ಮೆಟ್ಟಿಲು ನಿನ್ನೆ ಇದ್ದಲ್ಲೇ ಇರುತ್ತದೆ. ಇಲ್ಲೂ ಒಂದು ದುರಾಸೆಯ ಗುಂಡಿ ಇದೆ. ಎಂಟು ಜನ ಆಡುತ್ತಿದ್ದಾರೆ ಎಂದು ಆಟವನ್ನು ನಂಬಿಸಲು '/ಪ್ಲೇಯರ್ಸ್ 8' ಎಂದು ಆಜ್ಞೆ ಕೊಟ್ಟರೆ ಸಾಮಾನು ಜಾಸ್ತಿ ಬೀಳುತ್ತದೆ, ನಿಜ. ಆದರೆ ಒಂದು ಸಾವಿಗೆ ಉದುರುವುದು ಹೆಚ್ಚೆಂದರೆ ಆರು ವಸ್ತು. ಕೌಂಟೆಸ್‌ಳ ಮಾಮೂಲಿ ಸಾಮಾನು ಮೊದಲು ಬಿದ್ದು ಆ ಜಾಗ ಹಿಡಿದರೆ ರೂನಿಗೆ ಜಾಗವೇ ಉಳಿಯದು. ಆಕೆಯ ಮುಂದೆ ಸಂಖ್ಯೆ 1ರಲ್ಲೇ ಇರಲಿ.

ಈಗ ಅಸಲಿ ಅನಾಹುತಕ್ಕೆ ಬರೋಣ. ಸ್ಪಿರಿಟ್ ಎಂಬ ರೂನ್‌ವರ್ಡ್ (ರೂನ್‌ಗಳನ್ನು ಕೂರಿಸಿದಾಗ ಆಗುವ ವಿಶೇಷ ಸಾಮಾನು) ಮಾಡಲು ಟಾಲ್, ಥುಲ್, ಒರ್ಟ್, ಆಮ್ನ್ ಈ ನಾಲ್ಕು ಬೇಕು. ಥುಲ್ ಸಿಗದಿದ್ದರೆ ಮೂರು ಒರ್ಟ್‌ಗಳನ್ನು ಕ್ಯೂಬಿಗೆ (ಸಾಮಾನು ಬೆರೆಸಿ ಬೇರೆಯದು ಮಾಡುವ ಮಾಂತ್ರಿಕ ಡಬ್ಬಿ) ಹಾಕಿದರೆ ಆಯಿತು. ಎಲ್ಲ ಸೇರಿತು ಎಂದುಕೊಳ್ಳಿ. ನಾಲ್ಕು ಸಾಕೆಟ್ಟಿನ, ಅಂದರೆ ರೂನ್ ಕೂರಿಸುವ ನಾಲ್ಕು ತೂತಿನ, ಕತ್ತಿಯೂ ಇದೆ. ಮೊದಲು ಟಾಲ್ ಇಟ್ಟರು, ಆತುರಕ್ಕೆ ಒರ್ಟ್ ಇಟ್ಟರು, ಆಮೇಲೆ ಥುಲ್, ಆಮ್ನ್. ಕತ್ತಿಯ ಹೆಸರು ಚಿನ್ನದ ಬಣ್ಣಕ್ಕೆ ತಿರುಗಬೇಕಿತ್ತು. ಬೂದಿ ಬಣ್ಣದಲ್ಲೇ ಕೂತಿದೆ. "ಎಂಥ ಮಾರಾಯ, ಗೇಮ್ ಹಾಳಾಗಿದೆ" ಎಂದು ಪಕ್ಕದವನಿಗೆ ದೂರು. ಗೇಮಿಗೆ ಏನೂ ಆಗಿಲ್ಲ, ಕ್ರಮ ತಪ್ಪಿದೆ. ಹೆಲ್ ಎಂಬ ರೂನ್ ಒಂದು, ಊರಿಗೆ ಮರಳಲು ಬಳಸುವ ಟೌನ್ ಪೋರ್ಟಲ್ ಸುರುಳಿ ಒಂದು, ಈ ಕತ್ತಿ, ಮೂರನ್ನೂ ಕ್ಯೂಬಿಗೆ ಹಾಕಿದರೆ ಸಾಕೆಟ್ ಖಾಲಿಯಾಗುತ್ತದೆ. ಕತ್ತಿ ಉಳಿಯುತ್ತದೆ, ನಾಲ್ಕು ರೂನೂ ಹೋಗುತ್ತವೆ.

ಕ್ರಮ ಸರಿಯಿದ್ದೂ ಕೆಲಸ ಕೆಟ್ಟಿದ್ದರೆ ಬಣ್ಣ ನೋಡಿ. ಹೆಸರು ನೀಲಿಯೋ ಹಳದಿಯೋ ಇರುವ ಕತ್ತಿಗೆ ಎಷ್ಟೇ ಸಾಕೆಟ್ ಇರಲಿ, ರೂನ್‌ವರ್ಡ್ ಹತ್ತುವುದಿಲ್ಲ. ಬೂದಿ ಬಣ್ಣದ ಬಡ ಕತ್ತಿಯೇ ಆಗಬೇಕು.

ಆಟದೊಳಗಿನ ಕಮ್ಮಾರ ಲಾರ್ಜಕ್ ಹತ್ತಿರ ಸಾಕೆಟ್ ಹಾಕಿಸುವವರಿಗೆ ಇನ್ನೊಂದು ಮಾತು. ಆ ಅವಕಾಶ ಒಂದು ಡಿಫಿಕಲ್ಟಿಗೆ ಒಮ್ಮೆ ಮಾತ್ರ, ಒಬ್ಬ ಪಾತ್ರಕ್ಕೆ ಒಟ್ಟು ಮೂರು. ಮಾಮೂಲಿ ಕತ್ತಿ ಕೊಟ್ಟರೆ ಆತ ಅದಕ್ಕೆ ಸಾಧ್ಯವಿರುವಷ್ಟೂ ತೂತು ಕೊರೆಯುತ್ತಾನೆ, ನಿಮಗೆ ಎಷ್ಟು ಬೇಕೆಂದು ಕೇಳುವುದಿಲ್ಲ. ಕ್ರಿಸ್ಟಲ್ ಸೋರ್ಡ್ ಎಂಬ ಕತ್ತಿ ಬಿದ್ದ ಮಟ್ಟ (ಐಟಂ ಲೆವೆಲ್) 26ರಿಂದ 40ರೊಳಗಿದ್ದರೆ ನಾಲ್ಕು. 41 ಮುಟ್ಟಿದರೆ ಆರು. ಆರು ತೂತಿನಲ್ಲಿ ಸ್ಪಿರಿಟ್ ಆಗದು. ಹೆಲ್ ಎಂಬ ಅತಿ ಕಠಿಣ ಡಿಫಿಕಲ್ಟಿಯಲ್ಲಿ ಸಿಕ್ಕಿದ್ದು ಒಳ್ಳೆಯದೇ ಇರಬೇಕು ಎಂಬ ಲೆಕ್ಕ ಇಲ್ಲಿ ಮಗುಚಿ ಬೀಳುತ್ತದೆ.

ಗುರಾಣಿಯಲ್ಲಿ ಮಾಡುವವರಿಗೆ ಈ ತಾಪತ್ರಯವಿಲ್ಲ, ಮೊನಾರ್ಕ್ ಎಂಬ ಗುರಾಣಿಗೆ ಇರುವುದೇ ಗರಿಷ್ಠ ನಾಲ್ಕು. ಆದರೆ ಅದನ್ನು ಎತ್ತಲು 156 ಸ್ಟ್ರೆಂತ್ ಬೇಕು. ಮಾಟಗಾತಿ ಪಾತ್ರ ಸಾರ್ಸರೆಸ್ ಹುಟ್ಟುವಾಗ ಆಕೆಗಿರುವುದು 10. ಲೆವೆಲ್ಲಿಗೆ ಐದು ಪಾಯಿಂಟಿನ ಲೆಕ್ಕದಲ್ಲಿ ಸುಮಾರು ಮೂವತ್ತು ಲೆವೆಲ್ಲಿನ ದುಡಿಮೆ ಒಂದು ಗುರಾಣಿ ಎತ್ತುವುದಕ್ಕೇ ಸರಿ. ಎಲ್ಲವನ್ನೂ ಜೀವಬಲ ಹೆಚ್ಚಿಸುವ ವೈಟಾಲಿಟಿಗೆ ಸುರಿದು ಕೂತವರು ಗುರಾಣಿಯನ್ನು ಪೆಟ್ಟಿಗೆಯಲ್ಲಿಟ್ಟು ನೋಡಿಕೊಂಡಿರಬೇಕು, ಇಲ್ಲವೇ ಆಟದ ಮೊದಲ ಊರಿನ ಅಕಾರಾ ಬಳಿ ಹೋಗಿ ಪಾಯಿಂಟುಗಳನ್ನು ಮರುಹಂಚಿಕೆ ಮಾಡಿಸಿಕೊಳ್ಳಬೇಕು. ಡೆನ್ ಆಫ್ ಈವಿಲ್ ಎಂಬ ಮೊದಲ ಸಾಹಸ ಮುಗಿಸಿದ್ದಕ್ಕೆ ಡಿಫಿಕಲ್ಟಿಗೊಂದು ಸಲ ಅದು ಪುಕ್ಕಟೆ.

ಇಷ್ಟೆಲ್ಲ ಸರಿಹೋಗುವ ಹೊತ್ತಿಗೆ ಲೈನ್ ಮೇಲೆ ಸಿಲ್ವರ್ ಮರದ ಕೊಂಬೆ ಬಿದ್ದು ಕರೆಂಟ್ ಹೋಗುತ್ತದೆ. ಯುಪಿಎಸ್ ಕೀಂ ಕೀಂ ಎನ್ನತೊಡಗಿದಾಗ 'ಇವನೊಬ್ಬನನ್ನು ಕೊಂದುಬಿಡೋಣ' ಎನ್ನಬಾರದು. ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರನ್ನು ಚಿಕ್ಕ ಯುಪಿಎಸ್ ಹೊರುವುದು ಕೆಲವೇ ನಿಮಿಷ. ನೆಲದ ಮೇಲಿರುವುದನ್ನು ಎತ್ತಿಕೊಂಡು ಸೇವ್ ಆಂಡ್ ಎಕ್ಸಿಟ್ ಒತ್ತಬೇಕು. ಎತ್ತದೆ ಹೊರಬಂದರೆ ನೆಲದಲ್ಲಿದ್ದದ್ದು ಮತ್ತೆ ಸಿಗದು. ವಾರಕ್ಕೊಮ್ಮೆ 'ಸೇವ್ಡ್ ಗೇಮ್ಸ್' ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿಡಿ. ಪಾತ್ರದ .ಡಿ2ಎಸ್ ಫೈಲ್ ಒಂದನ್ನೇ ಎತ್ತಿಟ್ಟು ನೆಮ್ಮದಿಯಾಗಿ ಮಲಗುವವರಿದ್ದಾರೆ. ಎಲ್ಲ ಪಾತ್ರಗಳೂ ಬಳಸುವ ಹಂಚಿಕೆಯ ಪೆಟ್ಟಿಗೆ ಇರುವುದು .ಡಿ2ಐ ಎಂಬ ಬೇರೆ ಫೈಲಿನಲ್ಲಿ. ವಾಪಸ್ ಹಾಕಿದಾಗ ಮನುಷ್ಯ ಬರುತ್ತಾನೆ, ಪೆಟ್ಟಿಗೆಯಲ್ಲಿಟ್ಟ ಒಡವೆ ಬರುವುದಿಲ್ಲ.

ಎಥೀರಿಯಲ್ ಎಂದು ಬರೆದಿರುವ ಈಟಿ ಸಿಕ್ಕರೆ 'ರಿಪೇರಿ ಆಗಲ್ಲ' ಎಂದು ಮಾರಬೇಡಿ. ಅದರ ಏಟು ಅರ್ಧದಷ್ಟು ಜಾಸ್ತಿ, ಮತ್ತು ಬಾಡಿಗೆ ಯೋಧನ ಕೈಯಲ್ಲಿ ಯಾವ ಸಾಮಾನೂ ಸವೆಯುವುದಿಲ್ಲ. ಎರಡನೇ ಆಕ್ಟಿನ ಈಟಿಗಾರನಿಗೆ ಕೊಟ್ಟುಬಿಡಿ. ಅವನು ಸತ್ತರೂ ಚಿಂತೆಯಿಲ್ಲ, ದುಡ್ಡು ಕೊಟ್ಟರೆ ಈಟಿ ಸಮೇತ ಏಳುತ್ತಾನೆ. ಎಷ್ಟೇ ಆದರೂ 50,000 ಚಿನ್ನ ದಾಟದು. ಆದರೆ ಅವನನ್ನು ಬಿಟ್ಟು ಹೊಸಬನನ್ನು ಗೊತ್ತು ಮಾಡಿಕೊಂಡರೆ ಕತೆ ಬೇರೆ. ತೋಟದ ಕೆಲಸ ಬಿಡುವವರು ಕತ್ತಿಯನ್ನು ಶೆಡ್ಡಿನಲ್ಲಿಟ್ಟು ಹೋಗುತ್ತಾರೆ. ಇವನು ಈಟಿ, ಟೊಪ್ಪಿ, ಅಂಗಿ ಎಲ್ಲದರ ಜೊತೆಗೇ ಮಾಯ. ಮೊದಲು ಎಲ್ಲ ಬಿಚ್ಚಿಸಿಕೊಳ್ಳಿ, ಆಮೇಲೆ ಯೋಧರನ್ನು ಬಾಡಿಗೆಗೆ ಕೊಡುವ ಗ್ರೈಜ್ ಹತ್ತಿರ ಹೋಗಿ.